ಬಲಕ್ಕೆ ತಿರುಗಿಸಿದಾಗ ಬರುವ ಶಬ್ದ

ಧನುರ್ಮಾಸದ ಒಂದು ಶನಿವಾರ, ಬೆಳಗಿನ ಆರೂಕಾಲು ಗಂಟೆಯ ಹೊತ್ತಿಗೆ, ನಾನು ಯಲಹಂಕ ಉಪನಗರದ ನಮ್ಮ ಮನೆಯ ಗೇಟಿನ ಹೊರಗೆ, ಕಾರಿನ ಮುಂದಿನ ಬಲಗಾಲಿಯ ಪಕ್ಕದಲ್ಲಿ, ನೀರಿನ ಮೀಟರಿನ ಮುಚ್ಚಳದ ಮೇಲೆ ನಿಂತಿದ್ದೆ. ತಲೆಗೆ ಮಂಕಿ ಕ್ಯಾಪ್, ಕುತ್ತಿಗೆಗೆ ಮಫ್ಲರ್, ಮೈಮೇಲೆ ಕಾರ್ಖಾನೆಯವರು ಕೊಟ್ಟಿದ್ದ ಹಳೆಯ ಸ್ವೆಟರ್. ಮಂಜಿತ್ತು, ಆದರೆ ಎದುರು ಮನೆಯ ರಂಗೋಲಿ ಕಾಣದಷ್ಟಲ್ಲ. ಬೀದಿದೀಪ ಇನ್ನೂ ಉರಿಯುತ್ತಿತ್ತು. ನನಗೂ ಕಾರಿಗೂ ನಡುವೆ ಅಡ್ಡವಾಗಿ ಏನೂ ಇರಲಿಲ್ಲ. ಇಷ್ಟನ್ನೂ ಮೊದಲೇ ಹೇಳಿಬಿಡುತ್ತಿರುವುದು ಏಕೆಂದರೆ, ಆಮೇಲೆ ಅಲ್ಲಿ ನಡೆದದ್ದನ್ನು ನಮ್ಮ ಬೀದಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದಾರೆ. ಹಾಲಿನ ಬೂತಿನಲ್ಲಿ ನಾನು ಕೇಳಿದ ಪ್ರಕಾರ ನಾನು ಕಿರುಚಿಕೊಂಡೆನಂತೆ. ನಾನು ಕಿರುಚಿಕೊಳ್ಳಲಿಲ್ಲ. ಏನು ಮಾಡಿದೆ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ.

ಜಗತ್ತಿನಲ್ಲಿ ಕೆಲವು ತೊಂದರೆಗಳಿಗೆ ನಾಚಿಕೆ ಸ್ವಭಾವ. ಅವು ಮನೆಯವರ ಮುಂದೆ ಧಾರಾಳವಾಗಿ ಕಾಣಿಸಿಕೊಳ್ಳುತ್ತವೆ, ಹೊರಗಿನವರು ಬಂದರೆ ಒಳಗೆ ಹೋಗಿ ಕೂತುಬಿಡುತ್ತವೆ. ರಾತ್ರಿಯಿಡೀ ಬಿಡದ ಕೆಮ್ಮು ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತ ಕೂಡಲೇ ನಿಲ್ಲುತ್ತದೆ. ತಿರುಗದ ಮಿಕ್ಸಿ ರಿಪೇರಿ ಅಂಗಡಿಯ ಮೇಜಿನ ಮೇಲೆ ಗಿರ್ರೆನ್ನುತ್ತದೆ. ಅಂಗಡಿಯವನು ನಮ್ಮನ್ನೊಮ್ಮೆ ನೋಡುವ ನೋಟ ಇದೆಯಲ್ಲ, ಅದರಲ್ಲಿ ಮಿಕ್ಸಿಯ ಮೇಲಿನ ಅನುಮಾನ ಇರುವುದಿಲ್ಲ. ನಮ್ಮ ಕಾರಿಗೆ ಬಂದದ್ದು ಇದೇ ಜಾತಿಯ ತೊಂದರೆ. ಡಿಸೆಂಬರಿನಲ್ಲಿ ಚಳಿ ಹಿಡಿದಾಗ ಶುರುವಾಯಿತು. ಬೆಳಗ್ಗೆ ಗೇಟಿನಿಂದ ಹಿಂದಕ್ಕೆ ತೆಗೆದು, ರಸ್ತೆಗೆ ಹೊರಳಿಸಲು ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದರೆ ಅದು ಬಿಗಿಯಾಗಿ ನಿಂತುಕೊಳ್ಳುತ್ತಿತ್ತು. ಬಲ ಹಾಕಿ ಎಳೆದರೆ ಬರುತ್ತಿತ್ತು, ಜೊತೆಗೆ 'ಹೂಂ' ಎಂದು ಒಂದು ಶಬ್ದ. ದೀರ್ಘವಾದ, ತಗ್ಗಿದ, ಕೊನೆಯಲ್ಲಿ ಸ್ವಲ್ಪ ಏರುವ ಶಬ್ದ. ಎಡಕ್ಕೆ ತಿರುಗಿಸಿದರೆ ಬಿಗಿಯೂ ಇಲ್ಲ, ಶಬ್ದವೂ ಇಲ್ಲ. ಬಿಸಿಲೇರಿದ ಮೇಲೆ ಎರಡೂ ಕಡೆಗೆ ಇಲ್ಲ.

ನಾನು ಜಾಲಹಳ್ಳಿಯ ಕಡೆಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತನಾದವನು. ಅಲ್ಲಿ ನಮಗೆ ಕಲಿಸಿದ್ದು ಮುಖ್ಯವಾಗಿ ಒಂದೇ ಪಾಠ: ದೋಷ ಎಲ್ಲಿದೆ ಎಂದು ತಿಳಿಯದಿದ್ದಾಗ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ, ದೋಷ ಹೋದರೂ ಯಾವುದರಿಂದ ಹೋಯಿತೆಂದು ಗೊತ್ತಾಗುವುದಿಲ್ಲ. ಈ ಪಾಠ ನನಗೆ ಎಷ್ಟು ಮೈಗೂಡಿದೆಯೆಂದರೆ, ಒಮ್ಮೆ ಮನೆಯ ಸಾರು ಯಾಕೋ ಕಹಿಯಾದಾಗ ನನ್ನ ಹೆಂಡತಿ ಲಲಿತಾಗೂ ಅದನ್ನು ಹೇಳಿಕೊಟ್ಟೆ. ಒಂದು ಸಲಕ್ಕೆ ಒಂದನ್ನೇ ತೆಗೆದು ನೋಡು, ಕಾರಣ ಸಿಕ್ಕುತ್ತದೆ ಎಂದೆ. ಅವಳು ಮೊದಲು ನನ್ನ ತಟ್ಟೆಯನ್ನೇ ತೆಗೆದಳು. ಅದು ತಮಾಷೆಗೆ ಮಾಡಿದ್ದು ಎಂದು ಆಗ ನಾನು ಭಾವಿಸಿದ್ದೆ. ಪದ್ಧತಿಯ ದೃಷ್ಟಿಯಿಂದ ಅದರಲ್ಲಿ ಎಷ್ಟು ಸತ್ಯವಿತ್ತೆಂದು ತಿಳಿಯಲು ಈ ಚಳಿಗಾಲ ಬರಬೇಕಾಯಿತು.

ಆ ಹೊತ್ತಿನಲ್ಲಿ ಕಾರು ತೆಗೆಯಲೇಬೇಕಾಗಿದ್ದದ್ದು ನಮ್ಮ ಅತ್ತೆಯವರಿಗಾಗಿ. ಅವರು ನಮ್ಮ ಜೊತೆಯಲ್ಲೇ ಇದ್ದಾರೆ. ಧನುರ್ಮಾಸದಲ್ಲಿ ಬೆಳಕು ಹರಿಯುವ ಮುಂಚೆ ಕೋಗಿಲು ಕಡೆಯ ವೆಂಕಟರಮಣನ ಗುಡಿಗೆ ಹೋಗಿ, ಪೂಜೆ ನೋಡಿ, ಹುಗ್ಗಿ ತಗೊಂಡು ಬರಬೇಕು. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಒಬ್ಬರೇ ಕೂರುತ್ತಾರೆ. ಲಲಿತಾ ಬರುವುದಿಲ್ಲ, ಅವಳು ಆರ್.ಟಿ. ನಗರದ ಶಾಲೆಯೊಂದರಲ್ಲಿ ಟೀಚರು, ಬೆಳಗಿನ ಹೊತ್ತು ಅವಳಿಗೆ ಅಡುಗೆಮನೆಯಿಂದ ತಲೆ ಎತ್ತಲೂ ಆಗುವುದಿಲ್ಲ. ಅತ್ತೆಯವರು ಹಳೆಯ ಕಾಲದವರು. ಅಳಿಯನ ಜೊತೆ ನೇರವಾಗಿ ಮಾತನಾಡುವುದಿಲ್ಲ. ಎಲ್ಲವನ್ನೂ ಮಗಳಿಗೆ ಹೇಳುತ್ತಾರೆ, ಮಗಳು ಹತ್ತಿರದಲ್ಲಿ ಇಲ್ಲದಿದ್ದರೆ ಗಾಳಿಗೆ ಹೇಳುತ್ತಾರೆ. ಮೊದಲ ದಿನ ಶಬ್ದ ಬಂದಾಗ ನಾನು, "ಕೇಳಿಸ್ತಾ ಅತ್ತೆ?" ಎಂದು ಕೇಳಿದೆ. ಅವರು ಕಿಟಕಿಯ ಗಾಜಿಗೆ, "ಕೇಳಿಸ್ದೆ ಏನು. ಪಾಪ, ಎಷ್ಟು ಕಷ್ಟಪಡತ್ತೆ" ಎಂದರು. ಕಾರಿನ ಬಗ್ಗೆ ಅವರಿಗೆ ಇಷ್ಟು ಅಂತಃಕರಣ ಇರುವುದು ನನಗೆ ಹಿತವೆನಿಸಿತು.

ನಾನು ಪದ್ಧತಿಯಂತೆ ಒಂದೊಂದೇ ಬದಲಿಸುತ್ತ ಹೋದೆ. ಟೈರಿಗೆ ಗಾಳಿ ಹಾಕಿಸಿದೆ. ಶಬ್ದ ಹೋಗಲಿಲ್ಲ. ಗೇಟಿನ ಮುಂದಿನ ಇಳಿಜಾರು ಕಾರಣವಿರಬಹುದೆಂದು ಹಿಂದಿನ ರಾತ್ರಿಯೇ ಕಾರನ್ನು ರಸ್ತೆಯಲ್ಲಿ ಸಮತಟ್ಟಿನಲ್ಲಿ ನಿಲ್ಲಿಸಿದೆ. ಹೋಗಲಿಲ್ಲ. ಫೋನಿನಲ್ಲಿ ಹುಡುಕಿ, ಹಿಮ ಬೀಳುವ ದೇಶಗಳವರು ಮಾಡಿದ ವಿಡಿಯೋ ನೋಡಿದೆ. ಚಳಿಗೆ ಸ್ಟೇರಿಂಗಿನ ಎಣ್ಣೆ ಗಟ್ಟಿಯಾಗುತ್ತದೆ, ಪಂಪು ಅದನ್ನು ತಳ್ಳಲಾರದೆ ನರಳುತ್ತದೆ ಎಂದು ಅವರು ಕೈಗವಸು ಹಾಕಿಕೊಂಡು ತೋರಿಸುತ್ತಿದ್ದರು. ನಮ್ಮ ಬಚ್ಚಲಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಬೆಳ್ಳಗೆ ಗಟ್ಟಿಯಾಗಿ, ಬೆರಳು ಹಾಕಿದರೂ ಬಾರದೆ ಕೂತಿತ್ತು. ಎರಡಕ್ಕೂ ಸಂಬಂಧ ಕಲ್ಪಿಸುವುದು ಸುಲಭವಾಯಿತು. ಆದರೂ ನಾನು ಅಷ್ಟಕ್ಕೇ ತೀರ್ಮಾನಕ್ಕೆ ಬರುವವನಲ್ಲ. ಒಂದು ಸ್ಟೀಲ್ ಬಟ್ಟಲಿಗೆ ಸ್ವಲ್ಪ ಸ್ಟೇರಿಂಗ್ ಎಣ್ಣೆ ಹಾಕಿ ರಾತ್ರಿ ಕೊಬ್ಬರಿ ಎಣ್ಣೆಯ ಪಕ್ಕದಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಕೊಬ್ಬರಿ ಎಣ್ಣೆ ಕಲ್ಲು, ಸ್ಟೇರಿಂಗ್ ಎಣ್ಣೆ ನೀರು. ಲಲಿತಾ ಆ ಬಟ್ಟಲನ್ನು ನೋಡಿ, ಅದು ಪಾಯಸದ ಬಟ್ಟಲು ಎಂದು ಮಾತ್ರ ಹೇಳಿದಳು. ನಾನು ಎಣ್ಣೆಯನ್ನು ಸಂಶಯದ ಪಟ್ಟಿಯಿಂದ ಬಿಟ್ಟುಬಿಟ್ಟೆ.

ಈ ಹಂತದಲ್ಲಿ ಪಕ್ಕದ ಮನೆಯ ಪಾಟೀಲರು ಸೇರಿಕೊಂಡರು. ಅವರು ಗದಗಿನ ಕಡೆಯವರು, ಹೆಬ್ಬಾಳದ ಒಂದು ಕಚೇರಿಯಲ್ಲಿ ಕೆಲಸ. ಬೆಳಗ್ಗೆ ವಾಕಿಂಗ್ ಹೊರಡುವಾಗ ನನ್ನ ಒದ್ದಾಟ ನೋಡುತ್ತಿದ್ದರು. ಅವರಿಗೆ ಕಾರು ಓಡಿಸಲು ಬಾರದು, ಆದರೆ ಕಾರಿನ ವಿಷಯದಲ್ಲಿ ಮಾತಿಗೆ ಬರವಿಲ್ಲ.

"ಏನ್ರೀ ಸರ, ಗಾಡಿ ಭಾಳ ತ್ರಾಸ ಮಾಡಾಕತ್ತೈತಲ್ರೀ?"

"ಚಳಿಗೆ ಸ್ಟೇರಿಂಗ್ ಬಿಗಿಯಾಗ್ತಿದೆ."

"ಇದಕ್ಕ ಚಳಿ ಅಂತೀರೇನ್ರೀ ನೀವು? ಸ್ವೆಟರ್ ಕಂಪನಿಯವರು ಬೆಂಗಳೂರಾಗ ಬದುಕಿರೂದು ನಿಮ್ಮಂಥವರ ಪುಣ್ಯದಿಂದ ನೋಡ್ರಿ" ಎಂದು ನಕ್ಕು, ತಾವೂ ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡರು. ಆಮೇಲೆ ಗಂಭೀರರಾಗಿ, ಶಬ್ದವನ್ನು ಫೋನಿನಲ್ಲಿ ಹಿಡಿಯಬೇಕು, ಹಿಡಿದು ಮೆಕ್ಯಾನಿಕ್‌ಗೆ ಕೇಳಿಸಬೇಕು ಎಂದರು. ಅದು ಒಳ್ಳೆಯ ಸಲಹೆಯೇ. ಮರುದಿನ ಅವರು ಹಿಂದಿನ ಸೀಟಿನಲ್ಲಿ ಅತ್ತೆಯವರ ಪಕ್ಕ ಕೂತು, ಮುಂದಿನ ಎರಡು ಸೀಟುಗಳ ನಡುವೆ ಫೋನು ಚಾಚಿದರು. ನಾನು ಬಲಕ್ಕೆ ತಿರುಗಿಸಿದೆ. ಶಬ್ದ ಬಂತು. "ಸಿಕ್ತು ನೋಡ್ರೀ ಸರ, ಮುಂದಿನ ಬಲಗಡೆಯಿಂದ ಬಂತು" ಎಂದರು ಪಾಟೀಲರು. ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಶಬ್ದ ಬಲಗಡೆಯದೇ, ಮುಂದಿನದೇ, ನನಗೆ ತೀರ ಹತ್ತಿರದ್ದೇ. ಸ್ಥಳದ ವಿಷಯದಲ್ಲಿ ನಮ್ಮಿಬ್ಬರ ಹೇಳಿಕೆಯಲ್ಲಿ ತಪ್ಪಿರಲಿಲ್ಲ ಎಂಬುದನ್ನು ಈಗಲೂ ನಾನು ಒತ್ತಿ ಹೇಳಬಲ್ಲೆ.

ಮೆಕ್ಯಾನಿಕ್ ಮುನಿರಾಜುವಿನ ಗ್ಯಾರೇಜು ಇರುವುದು ಕೋಗಿಲಿನಲ್ಲಿ. ಅವನು ಬಾಗಿಲು ತೆಗೆಯುವ ಹೊತ್ತಿಗೆ ಬಿಸಿಲು ಚೆನ್ನಾಗಿ ಬಿದ್ದಿರುತ್ತದೆ. ಅಲ್ಲಿ ನಾನೇ ಕೂತು ಎಷ್ಟು ತಿರುಗಿಸಿದರೂ ಸ್ಟೇರಿಂಗ್ ಸಲೀಸು. "ಚಳೀಲಿ ಬರೋ ಸೌಂಡ್‌ನ ಬಿಸಿಲಲ್ಲಿ ಕೇಳಿ ಅಂದ್ರೆ ಎಂಗೆ ಸಾರ್ ಕೇಳೋದು? ರಾತ್ರಿ ಗಾಡಿ ಇಲ್ಲೇ ಬಿಡಿ, ಬೆಳಗ್ಗೆ ಚಳೀಲೇ ತೆಗೀತೀನಿ" ಎಂದ. ಬಿಟ್ಟು ಬಂದೆ. ಅವನ ಮನೆ ಗ್ಯಾರೇಜಿನ ಹಿಂದೆಯೇ. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಫೋನು ಮಾಡಿದ. "ಸಾರ್, ಎಡಕ್ಕೂ ತಿರುಗಿಸ್ದೆ, ಬಲಕ್ಕೂ ತಿರುಗಿಸ್ದೆ. ಬೆಣ್ಣೆ ಇದ್ದಂಗೈತೆ ಗಾಡಿ. ಸೌಂಡೂ ಇಲ್ಲ, ಗೀಂಡೂ ಇಲ್ಲ."

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಒಬ್ಬ ತಪಾಸಣೆಗಾರನಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಕ್ಕುವುದಿಲ್ಲ. ಅದೇ ಕಾರು, ಅದೇ ಚಳಿ, ಅದೇ ಹೊತ್ತು, ಬದಲಾದದ್ದು ಒಂದೇ ಒಂದು. ಆ ಒಂದು ಯಾವುದೆಂದು ನಾನು ಬಹಳ ಹೊತ್ತು ಯೋಚಿಸಿದೆ. ಕಾಫಿ ಕುಡಿದು ಮತ್ತೆ ಯೋಚಿಸಿ, ಕೊನೆಗೆ ಕೋಗಿಲಿನ ಚಳಿಯೇ ಬೇರೆ, ಯಲಹಂಕದ ಚಳಿಯೇ ಬೇರೆ ಎಂಬ ತೀರ್ಮಾನಕ್ಕೆ ಬಂದೆ. ಮುನಿರಾಜುವಿನ ಗ್ಯಾರೇಜಿಗೆ ಶೀಟಿನ ಸೂರಿದೆ, ಕೆಳಗೆ ಇಬ್ಬನಿ ಬೀಳುವುದಿಲ್ಲ. ನಮ್ಮ ಮನೆಯ ಮುಂದೆ ಬೀಳುತ್ತದೆ. ಇದನ್ನು ಅವನಿಗೆ ವಿವರಿಸಿದೆ. ಅವನು ಒಪ್ಪಿದನೋ, ಅಥವಾ ವಾದ ಮಾಡಲು ಹಲ್ಲುಜ್ಜಿರಲಿಲ್ಲವೋ, "ಇರಬೌದು ಸಾರ್" ಎಂದ. ಆಮೇಲೆ ಪಾಟೀಲರು ಹಿಡಿದಿದ್ದ ಶಬ್ದವನ್ನು ಅವನಿಗೆ ಕಳಿಸಿದೆವು. ಕೇಳಿದ ಕೂಡಲೇ ಅವನ ದನಿಯೇ ಬದಲಾಯಿತು. "ಸಾರ್, ಇದು ಪಂಪು. ಗ್ಯಾರಂಟಿ ಪಂಪು. ಇಂಥ ಸೌಂಡು ನಾನು ನೂರು ಗಾಡೀಲಿ ಕೇಳಿದೀನಿ. ಪಂಪು ಓಗೋಕ್ ಮುಂಚೆ ಇಂಗೇ ನರಳೋದು."

ಪಂಪು ಹೋಗುತ್ತದೆ ಎಂದ ಮೇಲೆ ಮನೆಯಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಲಲಿತಾ ಸಂಜೆ ಕಾಪಿ ಪುಸ್ತಕಗಳನ್ನು ತಿದ್ದುತ್ತ, "ನೋಡ್ರೀ, ಮುದುಕಿಯನ್ನ ಕೂರಿಸ್ಕೊಂಡು ಕತ್ತಲಲ್ಲಿ ಹೋಗ್ತೀರ. ಏರ್‌ಪೋರ್ಟ್ ರೋಡ್ ದಾಟುವಾಗ ಸ್ಟೇರಿಂಗ್ ಸಿಕ್ಕಾಕೊಂಡ್ರೆ? ಪಂಪ್ ಹಾಕ್ಸಿ ನೋಡಿ. ಅದಕ್ಕೂ ಸರಿಹೋಗ್ಲಿಲ್ಲ ಅಂದ್ರೆ ಮಾರಿಬಿಡೋಣ" ಎಂದಳು. ಯಶವಂತಪುರದ ಕಡೆಯ ಹಳೆಯ ಕಾರಿನ ವ್ಯಾಪಾರಿಯೊಬ್ಬ ಅವಳ ಸಹೋದ್ಯೋಗಿಗೆ ಗೊತ್ತಿದ್ದವನು. ಭಾನುವಾರ ಬಂದು ನೋಡುತ್ತೇನೆ ಎಂದಿದ್ದ. ಶನಿವಾರ ಬೆಳಗ್ಗೆ ಮುನಿರಾಜು ಪಂಪಿನೊಂದಿಗೆ ನಮ್ಮ ಮನೆಗೇ ಬರುವುದು, ಚಳಿಯಲ್ಲೇ ಶಬ್ದ ಕೇಳಿ ಖಚಿತ ಮಾಡಿಕೊಂಡು ಪಂಪು ಬದಲಿಸುವುದು, ಅದರಿಂದಲೂ ಶಬ್ದ ಹೋಗದಿದ್ದರೆ ಭಾನುವಾರ ಕಾರು ಹೋಗುವುದು ಎಂದು ನಿಶ್ಚಯವಾಯಿತು.

ಆ ಕಾರು ನನ್ನನ್ನು ಎಷ್ಟೋ ವರ್ಷ ಜಾಲಹಳ್ಳಿಗೆ ಒಯ್ದು ತಂದಿದೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನನ್ನ ಜೊತೆ ಅದು ಎಷ್ಟು ಸಂಜೆ ಸುಮ್ಮನೆ ನಿಂತಿದೆ ಎಂಬುದಕ್ಕೆ ಲೆಕ್ಕವಿಲ್ಲ. ಇನ್ನೊಂದು ವಿಷಯ: ಅದನ್ನು ನನ್ನ ಹೊರತು ಮನೆಯವರು ಯಾರೂ ಓಡಿಸಿದವರಲ್ಲ. ಲಲಿತಾಗೆ ಲೈಸೆನ್ಸ್ ಇದೆ. ಮದುವೆಯಾದ ಹೊಸತರಲ್ಲಿ ಕಲಿತು ಪಡೆದದ್ದು, ತಪ್ಪದೆ ನವೀಕರಿಸುತ್ತಲೂ ಬಂದಿದ್ದಾಳೆ. ಆದರೆ ಒಂದು ಗಾಡಿ ಒಂದೇ ಕೈಯಲ್ಲಿರಬೇಕು, ಕೈ ಬದಲಾದರೆ ಗಾಡಿ ಕೆಡುತ್ತದೆ ಎಂಬುದು ನನ್ನ ಸಿದ್ಧಾಂತ. ಅದನ್ನು ಅವಳು ಒಪ್ಪಿದ್ದಾಳೆ ಎಂದೇ ನಾನು ತಿಳಿದಿದ್ದೆ. ಈಗ ಯೋಚಿಸಿದರೆ, ಅವಳು ಸುಮ್ಮನಿದ್ದಳು ಅಷ್ಟೆ. ಅತ್ತೆಯವರು ಮಾತ್ರ ಆ ರಾತ್ರಿ ಊಟದ ಹೊತ್ತಿನಲ್ಲಿ ಮಜ್ಜಿಗೆಯ ಪಾತ್ರೆಯನ್ನು ನೋಡುತ್ತ, "ಗಾಡಿ ಮಾರೋದೇನೂ ಬೇಡ ಅಂತ ಹೇಳೇ. ಗಾಡಿ ಏನ್ ಮಾಡಿದೆ ಪಾಪ" ಎಂದರು. "ನಿನಗೇನಮ್ಮ ಗೊತ್ತು" ಎಂದಳು ಮಗಳು. ಅವರು ಏನೋ ಹೇಳಲು ಹೋಗಿ, ನನ್ನ ಕಡೆ ಒಮ್ಮೆ ನೋಡಿ, ಮಜ್ಜಿಗೆ ಬಡಿಸಿಕೊಂಡರು.

ಇನ್ನು ಶನಿವಾರ. ಮುನಿರಾಜು ಸ್ಕೂಟರಿನಲ್ಲಿ ಬಂದ. ಅವನೂ ಮಂಕಿ ಕ್ಯಾಪ್ ಹಾಕಿದ್ದ. ಪಾಟೀಲರು ಫೋನು ಸಿದ್ಧ ಮಾಡಿಕೊಂಡು ಬಂದರು. ಅತ್ತೆಯವರು ಗುಡಿಗೆ ಹೊರಡಲು ತಯಾರಾಗಿ ಆಗಲೇ ಹಿಂದಿನ ಸೀಟಿನಲ್ಲಿ ಕೂತು, ಹುಗ್ಗಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಮುನಿರಾಜು ಬಾನೆಟ್ ಎತ್ತಿದ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಪಂಪಿಗೂ ಇನ್ನೊಂದನ್ನು ತನ್ನ ಕಿವಿಗೂ ಆನಿಸಿಕೊಂಡ. ಡಾಕ್ಟರು ಎದೆ ಪರೀಕ್ಷೆ ಮಾಡುವ ಹಾಗೆ. "ಸಾರ್, ನೀವು ಒರಗೆ ಚಕ್ರದ ತಾವ ನಿಂತ್ಕೊಳಿ. ಎಲ್ಲಿಂದ ಬತ್ತದೆ ಅಂತ ನಿಮಗೇ ಚೆನ್ನಾಗ್ ಗೊತ್ತು. ಬ್ಯಾರೆ ಯಾರಾದ್ರೂ ಸ್ಟೇರಿಂಗ್ ತಿರುಗಿಸ್ಲಿ" ಎಂದ. ಬೇರೆ ಯಾರು? ಪಾಟೀಲರಿಗೆ ಬಾರದು. ಲಲಿತಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಾಗಿಲು ತೆಗೆದು ಕೂತು, ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿಯನ್ನು ತನಗೆ ಸರಿಯಾಗಿ ತಿರುಗಿಸಿಕೊಂಡಳು. ಕನ್ನಡಿಯನ್ನು ತಿರುಗಿಸುವ ಅಗತ್ಯ ಆ ಪರೀಕ್ಷೆಗೆ ಇರಲಿಲ್ಲ.

ಅವಳು ಇಂಜಿನ್ ಹಾಕಿ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ನಾನು ಗಾಲಿಯನ್ನು ನೋಡುತ್ತಿದ್ದೆ. ಅದು ಮೆಲ್ಲಗೆ, ಏನೂ ಆಗದ ಹಾಗೆ, ಹೊರಳಿ ನಿಂತಿತು. ಶಬ್ದವಿಲ್ಲ. "ಇನ್ನೊಂದು ಸಲ" ಎಂದೆ. ಇನ್ನೊಂದು ಸಲವೂ ಶಬ್ದವಿಲ್ಲ. "ಒಂದೇ ಕೈಯಲ್ಲಿ ತಿರುಗುತ್ತಲ್ರೀ ಇದು" ಎಂದಳು. ಬಾನೆಟ್ಟಿನ ಹಿಂದಿನಿಂದ ಮುನಿರಾಜು, "ಪಂಪಲ್ಲಿ ಏನೂ ಇಲ್ಲ ಸಾರ್" ಎಂದ. ಪಾಟೀಲರು ಫೋನನ್ನು ಸ್ವಲ್ಪ ಕೆಳಗಿಳಿಸಿದರು. ಆಗ ನನಗೆ ಅನ್ನಿಸಿದ್ದು ಒಂದೇ: ಇವಳು ಸರಿಯಾಗಿ ತಿರುಗಿಸುತ್ತಿಲ್ಲ. ದೋಷ ಹೊರಬರಬೇಕಾದರೆ ಅದಕ್ಕೆ ಒಂದು ಕ್ರಮವಿದೆ, ಅಷ್ಟು ವರ್ಷದ ಅಭ್ಯಾಸ ಬೇಕು. "ಹಾಗಲ್ಲ, ಹೀಗೆ" ಎನ್ನುತ್ತ, ತೆರೆದ ಕಿಟಕಿಯಿಂದ ಬಲಗೈ ತೂರಿಸಿ, ಅವಳು ನೇರಕ್ಕೆ ತಂದಿದ್ದ ಸ್ಟೇರಿಂಗಿನ ಮೇಲ್ಭಾಗ ಹಿಡಿದು ನನ್ನ ಕಡೆಗೆ ಎಳೆದೆ.

ಶಬ್ದ ಬಂತು. ಅದೇ ದೀರ್ಘವಾದ, ತಗ್ಗಿದ, ಕೊನೆಯಲ್ಲಿ ಸ್ವಲ್ಪ ಏರುವ ಶಬ್ದ.

"ಬಂತು, ನೋಡಿ" ಎಂದೆ ನಾನು. ಗೆದ್ದವನ ದನಿಯಲ್ಲಿಯೇ ಹೇಳಿದೆ ಎಂದು ಉಳಿದವರು ಹೇಳುತ್ತಾರೆ. ಇರಬಹುದು. ನಾನು ಸುತ್ತ ನೋಡಿದಾಗ ಯಾರೂ ಕಾರನ್ನು ನೋಡುತ್ತಿರಲಿಲ್ಲ. ಮುನಿರಾಜು ಬಾನೆಟ್ಟಿನ ಪಕ್ಕದಿಂದ ತಲೆ ಹೊರಹಾಕಿದ್ದ, ಸ್ಕ್ರೂಡ್ರೈವರು ಇನ್ನೂ ಕಿವಿಯಲ್ಲೇ ಇತ್ತು. ಪಾಟೀಲರ ಫೋನು ಈಗ ನನ್ನ ಬಾಯಿಯ ಕಡೆಗೆ ತಿರುಗಿತ್ತು. ಲಲಿತಾ ಒಂದು ಗೇಣು ದೂರದಿಂದ ನನ್ನ ಮುಖವನ್ನೇ ನೋಡುತ್ತಿದ್ದಳು.

"ರೀ," ಎಂದಳು, ಬಹಳ ಮೆತ್ತಗೆ. "ದಿನಾ ಬೆಳಗ್ಗೆ ಶರ್ಟಿನ ತೋಳು ಹಾಕ್ಕೊಳ್ಳುವಾಗ ಬರೋ ಶಬ್ದ ಇದು. ಅಡುಗೆಮನೆಗೆ ಕೇಳಿಸತ್ತೆ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಹಿಂದಿನ ಸೀಟಿನಿಂದ ಅತ್ತೆಯವರು ಹುಗ್ಗಿಯ ಡಬ್ಬಿಗೆ ಹೇಳಿದರು: "ನನಗೆ ಮೊದಲನೇ ದಿನಾನೇ ಗೊತ್ತಿತ್ತು. ಅಳಿಯಂದಿರಿಗೆ ನೀವು ನರಳ್ತೀರ ಅಂತ ಹೇಳಕ್ಕಾಗತ್ತೇನೇ? ಅದಕ್ಕೇ ಪಾಪ ಪಾಪ ಅಂತಿದ್ದೆ."

ಪಾಟೀಲರು, "ಪಂಪು ಇವರಿಗೇ ಹಾಕ್ರಿ ಮುನಿರಾಜಣ್ಣ, ತಂದದ್ದು ವಾಪಸ್ ಯಾಕ ಒಯ್ತೀರಿ" ಎಂದರು. ಮುನಿರಾಜು ನಗಲಿಲ್ಲ. ಗಿರಾಕಿಯ ಮುಂದೆ ನಗಬಾರದೆಂದು ತಡೆದುಕೊಂಡು ಬಾನೆಟ್ಟಿನ ಹಿಂದೆ ಹೋದ. ಅಲ್ಲಿ ಅವನ ಬೆನ್ನು ಬಹಳ ಹೊತ್ತು ಅಲುಗುತ್ತಿತ್ತು.

ಆ ಬೆಳಗ್ಗೆ ಅತ್ತೆಯವರನ್ನು ಗುಡಿಗೆ ಕರೆದೊಯ್ದವಳು ಲಲಿತಾ. ನಾನು ಎಡಗಡೆ ಕೂತೆ. ಕಾರು ಗೇಟಿನಿಂದ ಬಲಕ್ಕೆ ಹೊರಳಿತು, ಎಲ್ಲಿಯೂ ಬಿಗಿಯಲಿಲ್ಲ. ಭಾನುವಾರ ಬರಬೇಕಿದ್ದ ವ್ಯಾಪಾರಿಗೆ ಬೇಡವೆಂದು ಅವಳೇ ಫೋನು ಮಾಡಿದಳು. "ಗಾಡಿ ಕೊಡಲ್ಲ, ಅದಕ್ಕೇನೂ ಆಗಿಲ್ಲ" ಎಂದಳು. ಹಾಗಾದರೆ ಯಾರಿಗೆ ಏನಾಗಿದೆ ಎಂದು ಅವನು ಕೇಳಲಿಲ್ಲ, ಸದ್ಯ. ನಾನು ಒಂದು ನಿರಪರಾಧಿಯ ವಿರುದ್ಧ ಅಷ್ಟು ದಿನ ಸಾಕ್ಷಿ ಹೇಳಿ, ಅದನ್ನು ಹೆಚ್ಚುಕಡಿಮೆ ಗಡೀಪಾರು ಮಾಡಿಸಿದ್ದೆ. ನಾನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ: ಚಳಿ ನಿಜ, ಬಿಗಿ ನಿಜ, ಬಲಗಡೆ ನಿಜ, ಶಬ್ದವೂ ನಿಜ. ಟೈರು, ನೆಲ, ಎಣ್ಣೆ, ಊರು, ಇಬ್ಬನಿ, ಇವೆಲ್ಲವನ್ನೂ ಒಂದೊಂದಾಗಿ ಬದಲಿಸಿ ನೋಡಿದ್ದೆ. ಲೆಕ್ಕಕ್ಕೆ ಸೇರಿಸದೆ ಬಿಟ್ಟಿದ್ದದ್ದು ಕೂತವನನ್ನು ಮಾತ್ರ. ಕಾರ್ಖಾನೆಯಲ್ಲಿ ಯಾವ ಯಂತ್ರದ ಬಿಡಿಭಾಗಗಳ ಪಟ್ಟಿಯಲ್ಲೂ ನಮ್ಮನ್ನು ಸೇರಿಸಿರಲಿಲ್ಲ, ಆ ಅಭ್ಯಾಸ ಆಗಲಿಲ್ಲ.

ಆಮೇಲೆ, ಚಳಿಗೆ ಬಿಗಿಯುತ್ತಿದ್ದ ಬಲಭುಜವನ್ನು ಡಾಕ್ಟರಿಗೆ ತೋರಿಸಿದೆ. ಅವರ ಕ್ಲಿನಿಕ್ಕು ತೆರೆಯುವ ಹೊತ್ತಿಗೆ ಬಿಸಿಲು ಚೆನ್ನಾಗಿ ಬಿದ್ದಿರುತ್ತದೆ. ಅವರು ನನ್ನ ಕೈಯನ್ನು ಹಿಡಿದು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಸಲೀಸಾಗಿ ತಿರುಗಿತು. ಶಬ್ದವೂ ಇಲ್ಲ. "ಏನೂ ಕಾಣ್ತಿಲ್ವಲ್ಲ" ಎಂದರು. ಮಿಕ್ಸಿ ಅಂಗಡಿಯವನ ಅದೇ ನೋಟ. ರಾತ್ರಿ ಇಲ್ಲೇ ಬಿಟ್ಟುಹೋಗಿ ಎಂದು ಹೇಳುತ್ತಾರೇನೋ ಎಂದುಕೊಂಡೆ, ಹೇಳಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿಕೊಳ್ಳಿ ಎಂದರು. ಆ ಬಾಟಲಿಯನ್ನು ಕರಗಿಸಲು ಈಗ ನಾನು ಎಲ್ಲರಿಗಿಂತ ಮೊದಲು ಏಳುತ್ತೇನೆ.

ಇದನ್ನು ನಂಬದವರಿದ್ದರೆ ವಿಚಾರಿಸಿಕೊಳ್ಳಬಹುದು. ಆ ಬೆಳಗ್ಗೆ ನನ್ನ ಜೊತೆ ಅಲ್ಲಿದ್ದು ಕಣ್ಣಾರೆ ಕಂಡವರು ನಮ್ಮ ಅತ್ತೆಯವರು, ಲಲಿತಾ, ಕೋಗಿಲಿನ ಮುನಿರಾಜು ಮತ್ತು ಪಕ್ಕದ ಮನೆಯ ಪಾಟೀಲರು. ಎಲ್ಲರೂ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ, ಕೇಳದಿದ್ದರೂ ಹೇಳುತ್ತಾರೆ. ಅತ್ತೆಯವರು ಈಗ ನನ್ನ ಜೊತೆ ನೇರವಾಗಿಯೇ ಮಾತನಾಡುತ್ತಾರೆ, ಹಿಂದಿನ ಸೀಟಿನಿಂದ, ಮುಖ್ಯವಾಗಿ ಮಗಳು ಎಷ್ಟು ಚೆನ್ನಾಗಿ ಓಡಿಸುತ್ತಾಳೆ ಎಂಬುದರ ಬಗ್ಗೆ. ಪಾಟೀಲರ ಫೋನಿನಲ್ಲಿ ಆ ಶಬ್ದ ಇನ್ನೂ ಇದೆ. ನಾನು ಅವರಿಗೆ ಫೋನು ಮಾಡಿದರೆ ಅದೇ ರಿಂಗ್ ಆಗುವ ಹಾಗೆ ಇಟ್ಟುಕೊಂಡಿದ್ದಾರೆ. ನಡುವಿನ ಗೋಡೆಯ ಆಚೆಯಿಂದ ಅದು ನನಗೂ ಕೇಳಿಸುತ್ತದೆ. ನಿಂತು ಗಮನವಿಟ್ಟು ಕೇಳಿದ್ದೇನೆ. ನಾಲ್ವರು ಸಾಕ್ಷಿಗಳ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ಕಿವಿಗೆ ಅದು ಈಗಲೂ ಪಂಪಿನ ಹಾಗೆಯೇ ಕೇಳಿಸುತ್ತದೆ.